ದೊಡ್ಡಮ್ಮನ ಹಿತ್ತಲಿನಲ್ಲಿ ದಹನ

ಕೊಯ್ಲು ಮುಗಿದು ಹೊಲಗಳೆಲ್ಲ ಬಯಲಾಗಿದ್ದವು. ಮಳೆಗೆ ಇನ್ನೂ ಬಹಳ ದಿನ ಇತ್ತು. ಇಟ್ಟಿಗೆ ಗೂಡಿನವರಿಗೆ ಕೈತುಂಬ ಕೆಲಸ ಇರುವುದು ಈ ಕಾಲದಲ್ಲೇ. ಗಂಡಸರು ಮಣ್ಣು ಅಗೆದು ನೀರು ಬಿಟ್ಟು ತುಳಿಯುತ್ತಿದ್ದರು. ಹೆಂಗಸರು ಅಚ್ಚಿನಿಂದ ಬಿಡಿಸಿ ಒಣಗಿಸಿದ ಹಸಿ ಇಟ್ಟಿಗೆಗಳನ್ನು ತಲೆಯ ಮೇಲಿನ ಹಲಗೆಯಲ್ಲಿ ಪೇರಿಸಿಕೊಂಡು, ಕತ್ತು ಅಲುಗಿಸದೆ ಗೂಡಿನ ಕಡೆಗೆ ನಡೆಯುತ್ತಿದ್ದರು. ಗೂಡಿನ ಬಾಯಿಯ ಮುಂದೆ, ಸೊಂಟಕ್ಕೆ ಒದ್ದೆ ಗೋಣಿ ಸುತ್ತಿಕೊಂಡು, ಉದ್ದನೆಯ ಕಬ್ಬಿಣದ ಸಲಾಕೆ ಹಿಡಿದು ಮೇಸ್ತ್ರಿ ನಿಂತಿದ್ದ.

ಈ ಮೇಸ್ತ್ರಿ ಗೋಡೆ ಕಟ್ಟುವವನಲ್ಲ, ಗೂಡಿನ ಉರಿ ನೋಡಿಕೊಳ್ಳುವವನು. ಯಾವಾಗ ಸೌದೆ ತುರುಕಬೇಕು, ಯಾವಾಗ ಬಾಯಿ ಮುಚ್ಚಬೇಕು ಎಂಬುದೆಲ್ಲ ಅವನ ಲೆಕ್ಕ. ಅವನ ಲೆಕ್ಕದಲ್ಲಿ ಇಟ್ಟಿಗೆ ಸಾಮಾನ್ಯವಾಗಿ ಚೆನ್ನಾಗಿಯೇ ಬೇಯುತ್ತಿತ್ತು. ಹೊಗೆ ಮಾತ್ರ ಕಪ್ಪು ಕಂಬಳಿ ಕೊಡವಿದ ಹಾಗೆ ಎದ್ದು, ಊರ ಶಾಲೆಯ ಕಿಟಕಿಯಲ್ಲಿ ನುಗ್ಗಿ, ಮಕ್ಕಳ ಪುಸ್ತಕದ ಮೇಲೆ ಕೂರುತ್ತಿತ್ತು. ಶಾಲೆಯವರು ದೂರು ಕೊಟ್ಟರು. ಗೂಡಿನ ಮಾಲೀಕರು ಮೇಸ್ತ್ರಿಯನ್ನು ನೆರಳಿಗೆ ಕರೆದರು.

"ನೋಡಪ್ಪ, ಹೊಸ ಕಾನೂನು ಬಂದಿದೆ. ಗೂಡಿನ ಬಾಯಿ ಮುಂದೆ ನಿಲ್ಲೋನು ರಸಾಯನಶಾಸ್ತ್ರದ ಪಾಠ ಪಾಸಾಗಿರಬೇಕಂತೆ. ಶಾಲೇಲಿ ಸಂಜೆ ಹೊತ್ತು ಹೇಳಿಕೊಡ್ತಾರೆ. ಪಾಸಾದ್ರೆ ಕೆಲಸ ನಿಂದೇ. ಇಲ್ದಿದ್ರೆ ನನ್ನ ಅಳಿಯ ಇದ್ದಾನೆ."

"ಅವರಿಗೆ ಬೆಂಕಿ ಹಚ್ಚೋಕೆ ಬರುತ್ತಾ ಸ್ವಾಮಿ?"

"ಸಿಗರೇಟು ಹಚ್ಚೋಕೆ ಬರುತ್ತೆ. ಉಳಿದದ್ದು ಕಲೀತಾನೆ."

ಮೇಸ್ತ್ರಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಅವನು ಅಂದೇ ಸಂಜೆ ಸ್ನಾನ ಮಾಡಿ, ತಲೆಗೆ ಎಣ್ಣೆ ಹಚ್ಚಿಕೊಂಡು, ಮೂರನೇ ತರಗತಿಯ ಮಕ್ಕಳ ಬೆಂಚಿನಲ್ಲಿ ಮೊಣಕಾಲನ್ನು ಗಲ್ಲದವರೆಗೆ ಮಡಿಸಿಕೊಂಡು ಕುಳಿತ.

ಪಾಠ ಹೇಳುತ್ತಿದ್ದ ಮೇಡಂ ವಯಸ್ಸಿನಲ್ಲಿ ಚಿಕ್ಕವರು, ತಾಳ್ಮೆಯಲ್ಲಿ ದೊಡ್ಡವರು. ಅವರು ಪುಸ್ತಕದಿಂದ ಶುರು ಮಾಡಲಿಲ್ಲ, ಒಲೆಯಿಂದ ಶುರು ಮಾಡಿದರು. ಸೌದೆಯಲ್ಲಿ ಇಂಗಾಲ ಇದೆ, ಗಾಳಿಯಲ್ಲಿ ಆಮ್ಲಜನಕ ಇದೆ, ಎರಡೂ ಕೂಡಿದಾಗ ಶಾಖ ಬರುತ್ತದೆ, ಇದಕ್ಕೆ ದಹನ ಎನ್ನುತ್ತಾರೆ ಎಂದರು.

"ಮೇಡಂ, ಇಂಗಾಲ ಅಂದ್ರೆ ನೆಲದಲ್ಲಿ ಇಂಗಿ ಹೋಗೋದಾ?" ಎಂದು ಮೇಸ್ತ್ರಿ ಕೇಳಿದ.

"ಇಲ್ಲ, ಇಂಗಿ ಹೋಗಿದ್ರೆ ನಮಗೆ ಇಷ್ಟು ಕಷ್ಟ ಇರ್ತಿರ್ಲಿಲ್ಲ. ಅದು ಮೇಲೆ ಹೋಗುತ್ತೆ," ಎಂದರು ಮೇಡಂ. ಗಾಳಿ ಸಾಕಷ್ಟು ಸಿಕ್ಕಿದರೆ ಪೂರ್ಣ ದಹನ, ಹೊಗೆ ಕಡಿಮೆ. ಗಾಳಿ ಸಾಲದಿದ್ದರೆ ಅಪೂರ್ಣ ದಹನ, ಮಸಿ, ಕೆಮ್ಮು, ವಿಷದ ಗಾಳಿ. ಪೂರ್ಣವಾಗಿ ಉರಿದರೂ ಕಣ್ಣಿಗೆ ಕಾಣದ ಇಂಗಾಲದ ಡೈಆಕ್ಸೈಡು ಹೊರಟೇ ಹೊರಡುತ್ತದೆ. ಅದು ಮೇಲೇರಿ ಭೂಮಿಗೆ ಹೊದಿಕೆ ಹೊದಿಸುತ್ತದೆ. ಭೂಮಿ ಬೆವರುತ್ತದೆ. ನಾವು ಉಸಿರಾಡುವುದೂ ಒಂದು ನಿಧಾನವಾದ ದಹನವೇ.

ಈ ಕೊನೆಯ ಮಾತು ಮೇಸ್ತ್ರಿಯ ತಲೆಗೇರಿತು. ಹುಟ್ಟಿದಾಗಿನಿಂದ ಬೆಂಕಿಯ ಮುಂದೆ ನಿಂತವನಿಗೆ ತಾನು ಇಷ್ಟು ದಿನ ಮಾಡಿದ್ದು ದಹನವೆಂದು ಯಾರೂ ಹೇಳಿರಲಿಲ್ಲ. ಮಾರನೆಯ ದಿನದಿಂದ ಅವನು ಬೆಂಕಿ, ಉರಿ, ಒಲೆ ಎಂಬ ಮಾತುಗಳನ್ನು ಬಿಟ್ಟ. ಗೂಡಿನ ಆಳುಗಳಿಗೆ "ದಹನಕ್ಕೆ ಇಂಧನ ಪೂರೈಸಿ" ಎಂದ. ಅವರು ಇಂಧನ ಯಾರ ಮನೆಯವಳೆಂದು ಒಬ್ಬರ ಮುಖ ಒಬ್ಬರು ನೋಡಿದರು. ಮನೆಯಲ್ಲಿ ಹೆಂಡತಿ ಊಟಕ್ಕೆ ಕರೆದಾಗ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಹೇಳಿದ:

"ಬಡಿಸು. ನನ್ನೊಳಗೂ ನಿಧಾನ ದಹನ ನಡೀತಾ ಇದೆ."

"ಅದಕ್ಕೆ ನಮ್ಮ ಕಡೆ ಹೊಟ್ಟೆಕಿಚ್ಚು ಅಂತಾರೆ," ಎಂದಳು ಹೆಂಡತಿ, ಅನ್ನದ ಪಾತ್ರೆ ಇಡುತ್ತ. "ಮಾಲೀಕರ ಅಳಿಯನ್ನ ನೆನೆಸಿಕೊಂಡಾಗಲೆಲ್ಲ ನಿನಗೆ ಬರುತ್ತಲ್ಲ, ಅದು."

ಪಾಠಗಳು ಮುಗಿಯುತ್ತ ಬಂದವು. ಪರೀಕ್ಷೆ ಹೇಗೆ ಎಂದು ಅವನೂ ಬೇರೆ ಗೂಡುಗಳಿಂದ ಪಾಠಕ್ಕೆ ಬರುತ್ತಿದ್ದವರೂ ಹೆದರಿದ್ದರು. ಮೇಡಂ ಹೇಳಿದರು:

"ಬರೆಯೋದು ಬೇಡ. ಭಾನುವಾರ ಒಬ್ಬೊಬ್ಬರ ಮನೆಗೂ ಬರ್ತೀನಿ. ನೆಂಟರು, ನೆರೆಯವರನ್ನ ಸೇರಿಸಿ, ಅವರ ಮುಂದೆ ಒಂದು ಪ್ರಯೋಗ ಮಾಡಿ ತೋರಿಸಿ. ಆಮೇಲೆ ನಾನು ನಿಮ್ಮನ್ನ ಏನೂ ಕೇಳಲ್ಲ. ನೋಡೋಕೆ ಬಂದವರಲ್ಲಿ ಯಾರಾದ್ರೂ ಒಬ್ಬರು ತಾವು ನೋಡಿದ್ದೇನು ಅಂತ ವಿವರಿಸಬೇಕು. ಅವರಿಗೆ ತಿಳಿದಿದ್ರೆ ನೀವು ಪಾಸು."

ಮೇಸ್ತ್ರಿ ತನ್ನ ಪ್ರಯೋಗಕ್ಕೆ ದೊಡ್ಡಮ್ಮನ ಹಿತ್ತಲನ್ನು ಆರಿಸಿಕೊಂಡು, ಅಲ್ಲಿಗೇ ಬರುವಂತೆ ಮೇಡಂಗೆ ಹೇಳಿದ. ದೊಡ್ಡಮ್ಮ ಎಂದರೆ ಅವನ ತಾಯಿಯ ಅಕ್ಕ. ಅಕ್ಕತಂಗಿಯರು ಮೂವರು. ನಡುವಿನವಳು ಮೇಸ್ತ್ರಿಯ ತಾಯಿ, ಅವನು ಮಾತು ಕಲಿಯುವ ಮೊದಲೇ ತೀರಿಕೊಂಡಳು. ಅವನನ್ನು ಎತ್ತಿ ಆಡಿಸಿ, ಬೈದು, ಬಡಿದು, ದೊಡ್ಡವನನ್ನಾಗಿ ಮಾಡಿದ್ದು ದೊಡ್ಡಮ್ಮ. ಕೊನೆಯವಳು ಚಿಕ್ಕಮ್ಮ, ಪಕ್ಕದ ಊರಿನಲ್ಲಿದ್ದಳು. ಯಾವುದೋ ಮದುವೆಯಲ್ಲಿ ಚಿಕ್ಕಮ್ಮ ಮಾಡಿದ ಅಡುಗೆಗೆ ಉಪ್ಪು ಹೆಚ್ಚಾಯಿತೆಂದು ದೊಡ್ಡಮ್ಮ ಪಂಕ್ತಿಯಲ್ಲೇ ಅಂದಿದ್ದಳು. ಅಂದಿನಿಂದ ಅವರಿಬ್ಬರಿಗೆ ಮಾತಿಲ್ಲ. ಮದುವೆಯಾದ ಹುಡುಗಿಗೆ ಈಗ ಮಕ್ಕಳಾಗಿ ಅವು ಶಾಲೆಗೂ ಹೋಗುತ್ತಿದ್ದವು.

ಪ್ರಯೋಗಕ್ಕೆ ಬೇಕಾದದ್ದು ಒಂದು ತಗಡಿನ ಡಬ್ಬ, ಕೆಳಗೆ ಗಾಳಿಗೆ ಒಂದು ತೂತು, ತೂತು ಮುಚ್ಚಲು ಇಟ್ಟಿಗೆ ಚೂರು, ಮೇಲೆ ಹಿಡಿಯಲು ಬಿಳಿಯ ತಟ್ಟೆ. ಅವನು ದೊಡ್ಡಮ್ಮನ ಎದುರು ಅದನ್ನೆಲ್ಲ ಇಟ್ಟುಕೊಂಡು ಪಾಠ ಒಪ್ಪಿಸಿದ. ದೊಡ್ಡಮ್ಮ ಕಣ್ಣು ಕಿರಿದು ಮಾಡಿಕೊಂಡು ಕೇಳಿದಳು. ಹಸಿ ಸೌದೆಯನ್ನು ಹಿತ್ತಲಿನಲ್ಲಿ ಬಿಸಿಲಿಗೆ ಹರಡಿಸಿದಳು. ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ಶನಿವಾರ ಸಂಜೆ ಮೇಸ್ತ್ರಿ ಕುಟುಂಬದವರ ಫೋನ್ ಗುಂಪಿಗೆ ಆಹ್ವಾನ ಬರೆದ. ಕಲಿತವನ ಆಹ್ವಾನ ಕಲಿತವನ ಹಾಗೆಯೇ ಇರಬೇಕೆಂದು ಬಹಳ ಹೊತ್ತು ಯೋಚಿಸಿ ಬರೆದ. ಅದು ಹೀಗಿತ್ತು:

"ಆತ್ಮೀಯ ಬಂಧುಗಳೇ, ನಾಳೆ ಬೆಳಗ್ಗೆ ದೊಡ್ಡಮ್ಮನವರ ಹಿತ್ತಲಿನಲ್ಲಿ ದಹನ ಕಾರ್ಯ ಏರ್ಪಡಿಸಲಾಗಿದೆ. ಮೊದಲು ಅಪೂರ್ಣ ದಹನ, ತದನಂತರ ಪೂರ್ಣ ದಹನ ನೆರವೇರುವುದು. ತಾವೆಲ್ಲರೂ ತಪ್ಪದೆ ಬಂದು ಕಣ್ತುಂಬಿಕೊಳ್ಳಬೇಕು."

ಇದರಲ್ಲಿ ಒಲೆ ಎಂಬ ಎರಡು ಅಕ್ಷರ ಎಲ್ಲೂ ಇರಲಿಲ್ಲ. ಅದು ಗ್ರಾಮ್ಯವೆಂದು ಮೇಸ್ತ್ರಿಯೇ ಅಳಿಸಿದ್ದ. ದಹನ ಎಂಬ ಮಾತನ್ನು ಅವನ ಬಂಧುಗಳು ತಮ್ಮ ಜೀವಮಾನದಲ್ಲಿ ಕೇಳಿದ್ದು ಒಂದೇ ಸಂದರ್ಭದಲ್ಲಿ. ಆ ಸಂದರ್ಭದಲ್ಲಿ ಯಾರೂ ಸೌದೆಯ ಬಗ್ಗೆ ಮಾತಾಡುವುದಿಲ್ಲ, ಸೌದೆಯ ಮೇಲೆ ಮಲಗಿದವರ ಬಗ್ಗೆ ಮಾತಾಡುತ್ತಾರೆ.

ಮೊದಲು ಫೋನು ಮಾಡಿದ್ದು ಭಾವ. ಮೇಸ್ತ್ರಿಯ ಅಕ್ಕನ ಗಂಡನಾದ ಈತ ದರ್ಜಿ. ಊರವರ ಅಳತೆಯೆಲ್ಲ ತನಗೆ ಗೊತ್ತೆಂದು ತಿಳಿದವನು. ಮೇಸ್ತ್ರಿಯನ್ನು ಬಹಳ ಹಿಂದೆಯೇ ಅಳೆದು ಗಿಡ್ಡ ಎಂದು ತೀರ್ಮಾನಿಸಿದ್ದ.

"ಏನೋ ಇದು, ನಿಜವೇನೋ?" ಎಂದ ಭಾವ.

"ನಿಜ ಭಾವ."

"ಇದ್ದಕ್ಕಿದ್ದ ಹಾಗೆ?"

"ಇದ್ದಕ್ಕಿದ್ದ ಹಾಗೇನಿಲ್ಲ. ಒಂದು ತಿಂಗಳಿಂದ ನಡೀತಾನೇ ಇತ್ತು. ನಿಮಗೆ ಹೇಳಿರ್ಲಿಲ್ಲ ಅಷ್ಟೆ."

"ಹೇಳಬಾರದಾ? ಒಂದು ಸಲ ಬಂದು ನೋಡ್ಕೊಂಡು ಹೋಗ್ತಿದ್ವಲ್ಲೋ."

"ಈಗ ಬನ್ನಿ ನೋಡೋಕೆ. ಅದಕ್ಕೇ ಕರೆದದ್ದು. ನಾನೇ ಕೈಯಾರೆ ಮಾಡ್ತೀನಿ."

"ನೀನಲ್ದೆ ಇನ್ಯಾರು ಮಾಡಬೇಕು. ಸಾಕಿದ್ದು ನಿನ್ನನ್ನೇ ಅಲ್ವಾ." ಭಾವನ ದನಿ ಇಳಿಯಿತು. "ಆದ್ರೆ ನಾಳೆ ತನಕ ಇಡೋಕಾಗುತ್ತೇನೋ? ಈ ಬಿಸಿಲಲ್ಲಿ?"

"ಬಿಸಿಲು ಇದ್ದಷ್ಟೂ ಒಳ್ಳೇದು ಭಾವ. ಹಿತ್ತಲಲ್ಲಿ ಹರಡಿದ್ದೀನಿ. ಚೆನ್ನಾಗಿ ಒಣಗಲಿ."

"ಮನಸ್ಸು ಗಟ್ಟಿ ಮಾಡ್ಕೋ" ಎಂದಷ್ಟೇ ಹೇಳಿ ಭಾವ ಫೋನಿಟ್ಟ. ಇಟ್ಟವನು ಹೆಂಡತಿಗೆ, "ನಿನ್ನ ತಮ್ಮನಿಗೆ ದುಃಖದಲ್ಲಿ ತಲೆ ಕೆಟ್ಟಿದೆ. ಮೊದಲು ಅರ್ಧ ಸುಡ್ತಾನಂತೆ, ಆಮೇಲೆ ಪೂರ್ತಿ ಸುಡ್ತಾನಂತೆ. ನಾಳೆ ಬೇಗ ಹೋಗಿ ಅವನ ಕೈಯಿಂದ ಬೆಂಕಿಪೊಟ್ಟಣ ಕಿತ್ಕೋಬೇಕು," ಎಂದ. ಆಮೇಲೆ ಒಬ್ಬೊಬ್ಬ ಬಂಧುವಿಗೂ ತಾನೇ ಫೋನು ಮಾಡಿದ. ಕೊನೆಗೆ, ಬಹಳ ಯೋಚಿಸಿ, ಚಿಕ್ಕಮ್ಮನಿಗೂ ಮಾಡಿದ.

ಭಾನುವಾರ ಬೆಳಗ್ಗೆ ಮೇಸ್ತ್ರಿ ಗೂಡಿನ ಉರಿ ನೋಡಿಕೊಂಡು, ಹೆಂಡತಿಯನ್ನು ಕರೆದುಕೊಂಡು ದೊಡ್ಡಮ್ಮನ ಮನೆಗೆ ಬಂದ. ಅಂಗಳ ತುಂಬಿತ್ತು. ಜಗಲಿ ತುಂಬಿತ್ತು. ಬೇಲಿಯ ಹೊರಗೂ ಜನ ನಿಂತಿದ್ದರು. ಹಿತ್ತಲಿನಲ್ಲಿ ಹರಡಿದ್ದಾನೆಂದು ಭಾವನಿಂದ ಕೇಳಿದ್ದರಿಂದ ಆ ಕಡೆ ಹೋಗುವ ಧೈರ್ಯ ಮಾತ್ರ ಯಾರೂ ಮಾಡಿರಲಿಲ್ಲ. ಮೇಸ್ತ್ರಿ ಅಂಗಿಯ ಕಾಲರು ಸರಿಮಾಡಿಕೊಂಡ. ರಸಾಯನಶಾಸ್ತ್ರಕ್ಕೆ ಇಷ್ಟು ಮಂದಿ ಬಂದದ್ದು ಪ್ರಪಂಚದಲ್ಲೇ ಇದು ಮೊದಲಿರಬೇಕು.

"ಇವರೆಲ್ಲ ಯಾಕೆ ಹೂ ತಂದಿದ್ದಾರೆ?" ಎಂದು ಹೆಂಡತಿ ಪಿಸುಗುಟ್ಟಿದಳು.

"ವಿದ್ಯೆಗೆ ಬೆಲೆ ಕೊಡೋ ಜನ. ನೀನೊಬ್ಬಳೇ ಕೊಡದವಳು."

ಭಾವ ಮುಂದೆ ಬಂದು ಮೇಸ್ತ್ರಿಯ ಎರಡೂ ಕೈ ಹಿಡಿದುಕೊಂಡ. ಅಂಥ ಮರ್ಯಾದೆಯನ್ನು ಆತ ಹಿಂದೆಂದೂ ಕೊಟ್ಟಿರಲಿಲ್ಲ.

"ಧೈರ್ಯ ತಗೋ," ಎಂದ.

"ಧೈರ್ಯ ಇದೆ ಭಾವ. ನಿನ್ನೆ ಒಂದು ಸಲ ಸುಟ್ಟು ನೋಡಿದ್ದೀನಿ."

ಹತ್ತಿರ ನಿಂತಿದ್ದ ಹೆಂಗಸೊಬ್ಬಳು ಗೋಡೆ ಹಿಡಿದುಕೊಂಡಳು. ಭಾವ ಅವನ ಜೇಬಿನ ಮೇಲೆ ಕೈಯಾಡಿಸಿ ಬೆಂಕಿಪೊಟ್ಟಣ ಹುಡುಕಿ ತೆಗೆದುಕೊಂಡ. ಇದನ್ನು ಮೇಸ್ತ್ರಿ ಪ್ರೀತಿಯೆಂದೇ ತಿಳಿದ.

ಜಗಲಿಯ ನಡುವೆ ಚಿಕ್ಕಮ್ಮ ಕುಳಿತಿದ್ದಳು. ಮುಖಕ್ಕೆ ಸೆರಗು ಮುಚ್ಚಿಕೊಂಡು, ಮುಂದಕ್ಕೂ ಹಿಂದಕ್ಕೂ ತೂಗುತ್ತ, ಊರಿಗೇ ಕೇಳುವ ಹಾಗೆ ಅಳುತ್ತಿದ್ದಳು.

"ಅಕ್ಕಾ, ನನ್ನ ಬಿಟ್ಟು ಹೋದ್ಯಲ್ಲೇ. ಒಂದು ಮಾತು ಆಡದೇ ಹೋದ್ಯಲ್ಲೇ. ಅವತ್ತು ಉಪ್ಪು ಹೆಚ್ಚೇ ಆಗಿತ್ತು ಕಣೇ ಅಕ್ಕಾ. ನಾನು ಎರಡು ಸಲ ಹಾಕಿಬಿಟ್ಟಿದ್ದೆ ಕಣೇ. ಗೊತ್ತಿದ್ದೂ ಒಪ್ಪಲಿಲ್ಲ ಕಣೇ."

ಮೇಸ್ತ್ರಿಗೆ ಆಗ ಸ್ವಲ್ಪ ಅನುಮಾನ ಬಂತು. ಉಪ್ಪಿನ ಪಾಠವನ್ನು ಮೇಡಂ ಮಾಡಿಯೇ ಇರಲಿಲ್ಲ.

ಇದೇ ಹೊತ್ತಿಗೆ ಹಿಂದಿನ ಬಾಗಿಲಿನಿಂದ ದೊಡ್ಡಮ್ಮ ಬಂದಳು. ಹುಡುಗನ ಪಾಠಕ್ಕೆ ಒಣಕಡ್ಡಿ ಸಾಲದೆಂದು ನಸುಕಿನಲ್ಲೇ ಎದ್ದು ಬಯಲಿಗೆ ಹೋಗಿದ್ದವಳು, ತಲೆಯ ಮೇಲೆ ಕಡ್ಡಿಯ ಹೊರೆ ಹೊತ್ತುಕೊಂಡು ನಡುಮನೆ ದಾಟಿ ಜಗಲಿಗೆ ಬಂದಳು. ತನ್ನ ಮನೆ ತುಂಬ ಜನ. ಎಲ್ಲರ ಕಣ್ಣಲ್ಲೂ ನೀರು. ನಡುವೆ, ಇಷ್ಟು ವರ್ಷ ಈ ಕಡೆ ತಲೆ ಹಾಕದ ತಂಗಿ. ದೊಡ್ಡಮ್ಮ ಒಂದು ಮಾತೂ ಕೇಳಲಿಲ್ಲ. ಹೊರೆ ಕೆಳಗಿಟ್ಟು, ತಂಗಿಯ ಪಕ್ಕದಲ್ಲಿ ಕುಸಿದು ಕೂತು, ಅವಳನ್ನು ತಬ್ಬಿಕೊಂಡು ತಾನೂ ಗಟ್ಟಿಯಾಗಿ ಅಳತೊಡಗಿದಳು. ಚಿಕ್ಕಮ್ಮ ಕಣ್ಣು ತೆರೆಯದೆ ಆ ಹೆಗಲಿಗೆ ತಲೆಯಿಟ್ಟಳು. ಇಬ್ಬರೂ ಸೇರಿ ಅತ್ತರು.

ನೋಡುತ್ತಿದ್ದವರಲ್ಲಿ ಮುಂದೆ ನಿಂತವರು ಹಿಂದೆ ಸರಿದರು, ಹಿಂದೆ ನಿಂತವರು ಬೇಲಿ ದಾಟಿದರು. ಭಾವನ ಕೈಯಲ್ಲಿದ್ದ ಹೂಮಾಲೆ ಕೆಳಗೆ ಬಿತ್ತು.

ಸಾಕಷ್ಟು ಅತ್ತ ಮೇಲೆ ದೊಡ್ಡಮ್ಮ ಮೂಗು ಒರೆಸಿಕೊಂಡು ಕೇಳಿದಳು: "ಯಾರೇ ಹೋದದ್ದು?"

"ನಮ್ಮಕ್ಕ," ಎಂದಳು ಚಿಕ್ಕಮ್ಮ, ಬಿಕ್ಕುತ್ತ.

"ಯಾವ ಅಕ್ಕ? ಉಳಿದದ್ದು ನಾವಿಬ್ಬರೇ ಅಲ್ವೇನೇ?"

ಚಿಕ್ಕಮ್ಮ ಸೆರಗು ತೆಗೆದಳು. ಮೊದಲು ಕೈ ನೋಡಿದಳು, ಆಮೇಲೆ ಹೆಗಲು, ಆಮೇಲೆ ಮುಖ.

"ನೀನೇ ಕಣೇ," ಎಂದಳು.

ದೊಡ್ಡಮ್ಮ ಸುತ್ತ ನಿಂತವರನ್ನು, ಹೂಗಳನ್ನು, ಬೇಲಿಯನ್ನು ನೋಡಿದಳು. ಕೊನೆಗೆ ಅವಳ ಕಣ್ಣು ತಂಗಿಯ ಮೇಲೆಯೇ ಬಂದು ನಿಂತಿತು.

"ಎರಡು ಸಲ ಹಾಕಿದ್ಯಾ?" ಎಂದಳು.

"ಅದು ಸತ್ತವಳಿಗೆ ಹೇಳಿದ್ದು," ಎಂದಳು ಚಿಕ್ಕಮ್ಮ, ಸೆರಗು ಕೊಡವಿ. "ನಿನಗಲ್ಲ."

ಗುಂಪಿನ ಹಿಂದಿನಿಂದ ಊರಿನ ಗುಮಾಸ್ತ ದಾರಿ ಮಾಡಿಕೊಂಡು ಬಂದ. ಜನನ ಮರಣ ಬರೆದುಕೊಳ್ಳುವುದು ಈತನ ಕೆಲಸ. ಭಾನುವಾರವಾದರೂ ಕರ್ತವ್ಯ ಬಿಟ್ಟಿರಲಿಲ್ಲ. ಅವನಿಗೆ ಕಣ್ಣು ಮಂಜು, ಎದುರಿಗಿದ್ದವಳು ಯಾರೆಂದು ತಿಳಿಯಲಿಲ್ಲ.

"ಬೇರೆಲ್ಲ ಬರ್ಕೊಂಡಿದ್ದೀನಮ್ಮ. ಜೀವ ಹೋದ ವೇಳೆ ಒಂದು ಬೇಕಿತ್ತು."

"ಆ ಜಾಗ ಖಾಲಿ ಬಿಟ್ಟಿರಪ್ಪ," ಎಂದಳು ದೊಡ್ಡಮ್ಮ. "ಗೊತ್ತಾದ ಕೂಡಲೆ ಹೇಳಿ ಕಳಿಸ್ತೀನಿ."

ಅಷ್ಟು ಹೊತ್ತಿಗೆ ಎಲ್ಲರ ಮುಖವೂ ಮೇಸ್ತ್ರಿಯ ಕಡೆ ತಿರುಗಿತ್ತು. ಭಾವ ಫೋನು ತೆಗೆದು ಆಹ್ವಾನವನ್ನು ಗಟ್ಟಿಯಾಗಿ ಓದಿದ. 'ಕಣ್ತುಂಬಿಕೊಳ್ಳಬೇಕು' ಎಂಬಲ್ಲಿ ಅವನ ದನಿ ಒಡೆಯಿತು.

"ಏನೋ ಇದು? ದಹನ ಅಂದ್ರೆ ಏನೋ?"

"ಕಡ್ಡಿ ಉರಿಸೋದು ಭಾವ. ಡಬ್ಬದಲ್ಲಿ. ಒಲೆ ಥರ," ಎಂದ ಮೇಸ್ತ್ರಿ. ಅವನ ಸ್ವರ ಡಬ್ಬದೊಳಗಿನಿಂದ ಬಂದ ಹಾಗಿತ್ತು.

"ಒಲೆ ಅನ್ನೋಕೆ ನಾಲಿಗೆ ಸವೆದುಹೋಗ್ತಿತ್ತೇನೋ? ಹೊಲಿಯೋಕೆ ತಗೊಂಡ ಬಟ್ಟೆ ಬಿಟ್ಟು ಬಂದಿದ್ದೀನಿ."

"ನಾನು ಎರಡು ಬಸ್ಸು ಬದಲಾಯಿಸಿ ಬಂದೆ," ಎಂದಿತು ಇನ್ನೊಂದು ದನಿ.

"ನಮ್ಮನೆ ಹಸು ಈಗಲೋ ಆಗಲೋ ಅನ್ನೋ ಹಾಗಿದೆ, ಬಿಟ್ಟು ಬಂದೆ. ಸತ್ತವಳು ನಡ್ಕೊಂಡು ಬರ್ತಾಳೆ ಅಂತ ನನಗೇನು ಗೊತ್ತು," ಎಂದಳು ಮತ್ತೊಬ್ಬಳು. ಬದುಕಿದ್ದು ದೊಡ್ಡಮ್ಮನದೇ ತಪ್ಪು ಎಂಬಂತಿತ್ತು ಅವಳ ದನಿ.

ದೊಡ್ಡಮ್ಮ ತಂಗಿಯ ಕೈ ಹಿಡಿದು, "ಏಳು, ಮುಖ ತೊಳ್ಕೊ," ಎಂದು ಒಳಗೆ ಕರೆದುಕೊಂಡು ಹೋದಳು. ಅಂಗಳದಲ್ಲಿ ಮೇಸ್ತ್ರಿ ಒಬ್ಬನೇ ಉಳಿದ. ಸುತ್ತ ಬಂಧುಗಳಿದ್ದರು, ಆದರೆ ಅವನು ಒಬ್ಬನೇ. ಕಿವಿ ಸುಡುತ್ತಿತ್ತು. ಕಣ್ಣಲ್ಲಿ ನೀರು ನಿಂತಿತ್ತು.

ಸರಿಯಾಗಿ ಆಗ ಮೇಡಂ ಬೇಲಿಯ ಬಾಗಿಲು ತೆರೆದರು.

ಅವರು ಕಂಡದ್ದು ಹೂಮಾಲೆ, ತಲೆ ತಗ್ಗಿಸಿದ ಜನ, ತಮ್ಮ ವಿದ್ಯಾರ್ಥಿಯ ಒದ್ದೆ ಕಣ್ಣು. ಅವರು ಚಪ್ಪಲಿ ಹೊರಗೇ ಬಿಟ್ಟು ಮೆಲ್ಲನೆ ಬಂದು ಕೇಳಿದರು:

"ಯಾರು ಹೋದದ್ದು?"

ಈಗ ನಿಜ ಹೇಳಬೇಕಿತ್ತು. ನಿಜ ಹೇಳಲು ಮೊದಲು ಆಹ್ವಾನದ ಕಥೆ ಹೇಳಬೇಕು, ಒಲೆ ಎಂಬ ಮಾತು ಅಳಿಸಿದ್ದು ಹೇಳಬೇಕು. ಈ ಕೋಪ ಹೊತ್ತ ಜನರ ಮುಂದೆ ಕೂತು ಕಡ್ಡಿ ಉರಿಸಬೇಕು, ಅವರಲ್ಲಿ ಒಬ್ಬರು ಎದ್ದು ವಿವರಿಸಬೇಕು. ಯಾರು ಏಳುತ್ತಾರೆ? ಮಾಲೀಕರ ಅಳಿಯ ಸಿಗರೇಟು ಹಚ್ಚಿಕೊಂಡು ಗೂಡಿನ ಬಾಯಿಯ ಮುಂದೆ ನಿಂತದ್ದು ಮೇಸ್ತ್ರಿಗೆ ಕಣ್ಣಿಗೆ ಕಟ್ಟಿತು.

"ದೊಡ್ಡಮ್ಮ," ಎಂದ.

ಬಂಧುಗಳೆಲ್ಲ ಒಟ್ಟಿಗೆ ತಲೆ ಎತ್ತಿದರು.

"ಅಯ್ಯೋ ಪಾಪ. ಏನಾಗಿತ್ತು?"

"ಹೊಗೆ ಮೇಡಂ," ಎಂದ ಮೇಸ್ತ್ರಿ. ಒಮ್ಮೆ ಶುರುವಾದ ನಾಲಿಗೆ ತಾನಾಗಿ ಓಡಿತು. "ವರ್ಷಗಟ್ಟಲೆ ಅಪೂರ್ಣ ದಹನ. ಊದಿ ಊದಿ ಎದೆ ಹೋಯ್ತು."

ಮೇಡಂ ಕಣ್ಣು ಒದ್ದೆಯಾಯಿತು. "ಪರೀಕ್ಷೆ ಮುಂದೆ ನೋಡೋಣ, ಅದರ ಯೋಚನೆ ಬಿಡಿ," ಎಂದರು. ಆಮೇಲೆ ಜನರ ಕಡೆ ತಿರುಗಿದರು. "ಇದನ್ನೇ ನಾನು ದಿನಾ ಹೇಳ್ತಿದ್ದದ್ದು. ನಮ್ಮ ಅಡುಗೆಮನೆಯ ಹೊಗೆ ಎಷ್ಟು ಜನ ತಾಯಂದಿರನ್ನ ತೆಗೆದುಕೊಂಡು ಹೋಗ್ತಿದೆ. ಆ ಹಿರಿಯರನ್ನ ನಾನು ನೋಡಲೇ ಇಲ್ಲ. ಹೇಗಿದ್ದರು ಅವರು?"

ಭಾವ ಆಕಾಶ ನೋಡಿದ. ಮೇಸ್ತ್ರಿಯ ಹೆಂಡತಿ ನೆಲ ನೋಡಿದಳು. ಉಳಿದವರೆಲ್ಲ ಮೇಡಂ ಬೆನ್ನ ಹಿಂದಿನ ಬಾಗಿಲು ನೋಡುತ್ತಿದ್ದರು. ಅಲ್ಲಿ ದೊಡ್ಡಮ್ಮ ನೀರಿನ ಲೋಟ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ದೂರದಿಂದ ಬಂದಿದ್ದೀರಿ, ನೀರು ಕುಡೀರಿ ಮೇಡಂ," ಎಂದಳು.

"ತಾವು ಯಾರು?" ಎಂದು ಕೇಳಿ ಮೇಡಂ ಲೋಟ ಬಾಯಿಗಿಟ್ಟರು.

"ನಾನೇ. ತೀರಿಕೊಂಡವಳು."

ಮೇಡಂ ನೀರು ನೆತ್ತಿಗೇರಿ ಕೆಮ್ಮಿದರು. ದೊಡ್ಡಮ್ಮ ಅವರ ತಲೆ ತಟ್ಟಿದಳು. ಮೇಸ್ತ್ರಿಗೆ ಎದುರಿನ ಮಣ್ಣಿನಲ್ಲಿ ಗೂಡು ತೋಡಿ ಒಳಗೆ ಹೋಗಿ ಬಾಯಿ ಮುಚ್ಚಿಕೊಳ್ಳಬೇಕೆನಿಸಿತು.

"ಬೆಳಗ್ಗಿಂದ ಊರೆಲ್ಲ ಹೀಗೇ ಅಂತಿದೆ ಮೇಡಂ," ಎಂದಳು ದೊಡ್ಡಮ್ಮ, ಸಮಾಧಾನದಿಂದ. "ಅಷ್ಟು ಜನ ಹೇಳಿದ್ದು ಕೇಳಿ ಇವನೂ ನಂಬಿಬಿಟ್ಟಿದ್ದಾನೆ. ಹುಡುಗ ಸ್ವಲ್ಪ ಮೆತ್ತಗೆ." ಆಮೇಲೆ ಅವನ ಮುಖ ನೋಡದೆ ಹೇಳಿದಳು: "ಬಂದವರನ್ನ ಸುಮ್ಮನೆ ಕಳಿಸ್ತೀಯಾ? ಡಬ್ಬ ತಾ."

ಎಲ್ಲರೂ ಹಿತ್ತಲಿಗೆ ಬಂದು, ಬಂದ ಕೆಲಸ ಬೇರೆಯಾದರೂ, ಸಾವಿನ ಮನೆಯಲ್ಲಿ ಕೂರುವ ಹಾಗೆಯೇ ಕುಳಿತರು. ಮೇಸ್ತ್ರಿ ತೂತಿಗೆ ಇಟ್ಟಿಗೆ ಚೂರು ಒತ್ತಿ, ಕಡ್ಡಿ ತುಂಬಿದ. ಬೆಂಕಿಪೊಟ್ಟಣ ಮನಸ್ಸಿಲ್ಲದ ಮನಸ್ಸಿನಿಂದ ಭಾವ ಕೊಟ್ಟ. ಗೀರಿದ ಕಡ್ಡಿಗಳೆಲ್ಲ ಒಂದೊಂದಾಗಿ ಆರಿದವು, ಕೊನೆಗೆ ಒಂದು ಹಿಡಿಯಿತು.

ಅಪೂರ್ಣ ದಹನ ಪೂರ್ಣವಾಗಿ ಯಶಸ್ವಿಯಾಯಿತು. ದಪ್ಪ ಹೊಗೆ ಡಬ್ಬದಿಂದ ಎದ್ದು ಹಿತ್ತಲೆಲ್ಲ ತುಂಬಿತು. ಬೆಳಗ್ಗೆಯಿಂದ ಅಳು ಬಾರದೆ ಒದ್ದಾಡುತ್ತಿದ್ದ ದೂರದ ನೆಂಟರೂ ಈಗ ಧಾರಾಳವಾಗಿ ಕಣ್ಣೀರು ಸುರಿಸಿದರು. ಗುಮಾಸ್ತ ಕೆಮ್ಮಿ ಕೆಮ್ಮಿ ಬೇಲಿಗೆ ಒರಗಿದ. ಬಿಳಿಯ ತಟ್ಟೆ ಕಪ್ಪಾಯಿತು. ಮುಂದೆ ಪೂರ್ಣ ದಹನವಾಗಬೇಕು. ಮೇಸ್ತ್ರಿ ಊದಿದ, ಕಡ್ಡಿ ಸರಿಪಡಿಸಿದ, ಡಬ್ಬ ಅಲುಗಿಸಿದ. ಹೊಗೆ ಇನ್ನೂ ಹೆಚ್ಚಾಯಿತು. ಏನು ಮಾಡಬೇಕೆಂಬುದು ಅವನ ತಲೆಯಿಂದ ಸಂಪೂರ್ಣ ಹಾರಿಹೋಗಿತ್ತು.

"ಬಾಯಿ ತೆಗಿಯೋ," ಎಂದಳು ದೊಡ್ಡಮ್ಮ ಮೆಲ್ಲಗೆ.

ತಪ್ಪೊಪ್ಪಿಕೊಳ್ಳಲು ಹೇಳುತ್ತಿದ್ದಾಳೆಂದು ಅವನು ತಿಳಿದ. ಎದ್ದು ನಿಂತು ಬಾಯಿ ತೆರೆದ. ಹೊಗೆ ಒಳಗೆ ಹೋಯಿತು.

"ನಿಂದಲ್ಲ, ಡಬ್ಬದ್ದು," ಎಂದು ದೊಡ್ಡಮ್ಮ ಕೈಯಲ್ಲಿದ್ದ ಕಡ್ಡಿಯಿಂದ ಇಟ್ಟಿಗೆ ಚೂರನ್ನು ತಳ್ಳಿದಳು. ಗಾಳಿ ಒಳನುಗ್ಗಿತು. ಹೊಗೆ ಇಳಿದು, ಹಳದಿ ಉರಿ ಒಮ್ಮೆಲೇ ನೆಟ್ಟಗೆ ನಿಂತಿತು. ಇನ್ನೊಂದು ತಟ್ಟೆ ಹಿಡಿದರೆ ಮಸಿ ಹೆಚ್ಚು ತಗಲಲಿಲ್ಲ.

ಮೇಡಂ ಕಣ್ಣೊರೆಸಿಕೊಂಡು ಕೇಳಿದರು: "ಈಗ ನೋಡಿದ್ದನ್ನ ಯಾರು ವಿವರಿಸ್ತೀರಿ?"

ಬಂಧುಗಳು ಯಾರೂ ಮಿಸುಕಲಿಲ್ಲ. ಕೆಲವರಿಗೆ ತಿಳಿದಿರಲಿಲ್ಲ, ಕೆಲವರಿಗೆ ತಿಳಿದರೂ ಹೇಳುವ ಮನಸ್ಸಿರಲಿಲ್ಲ. ಭಾವ ತೋಳು ಕಟ್ಟಿಕೊಂಡು, "ನಾವು ಬಂದದ್ದು ಬೇರೆ ಕೆಲಸಕ್ಕೆ," ಎಂದ. ಮೇಸ್ತ್ರಿ ಡಬ್ಬದ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಬೂದಿ ನೋಡುತ್ತಿದ್ದ. ಅವನ ಕೆಲಸ ಆ ಬೂದಿಯ ಹಾಗೆಯೇ ಬಿಳಿಚಿಕೊಳ್ಳುತ್ತಿತ್ತು.

"ನಾನು ಹೇಳಬಹುದಾ?" ಎಂದಳು ದೊಡ್ಡಮ್ಮ. "ನನ್ನ ಮಾತು ಲೆಕ್ಕಕ್ಕಿದ್ರೆ."

"ಖಂಡಿತ ಹೇಳಿ."

"ಸೌದೆ ಒಂದೇ ಇದ್ರೆ ಉರಿಯಲ್ಲ, ಗಾಳಿ ಜೊತೆಗೂಡಬೇಕು. ತೂತು ಮುಚ್ಚಿದ್ರೆ ಗಾಳಿ ಸಾಲಲ್ಲ, ಸೌದೆ ಅರೆಬರೆ ಉರಿದು ಮಸಿಯಾಗುತ್ತೆ. ತೆಗೆದ್ರೆ ಪೂರ್ತಿ ಉರಿಯುತ್ತೆ. ಆದ್ರೆ ಹೊಗೆ ಕಾಣಲಿಲ್ಲ ಅಂತ ಏನೂ ಹೋಗಲಿಲ್ಲ ಅಂತಲ್ಲ. ಕಾಣದ ಗಾಳಿ ಮೇಲೆ ಹೋಗಿ ಭೂಮಿಗೆ ಹೊದಿಕೆ ಆಗುತ್ತಂತೆ. ಈ ಸೌದೆ ಮರವಾಗಿದ್ದಾಗ ಆ ಗಾಳೀನೇ ಕುಡಿದು ಬೆಳೆದದ್ದಂತೆ, ಅದಕ್ಕೆ ಸುಟ್ಟಷ್ಟು ಗಿಡ ಮತ್ತೆ ಬೆಳೆಸಬೇಕಂತೆ." ಉಸಿರು ತೆಗೆದುಕೊಂಡು ಹೇಳಿದಳು: "ನನಗೇನೂ ಗೊತ್ತಿರ್ಲಿಲ್ಲ ಮೇಡಂ. ಎಲ್ಲ ಇವನೇ ಹೇಳಿಕೊಟ್ಟದ್ದು."

ಮೇಡಂ ಬಹಳ ಹೊತ್ತು ಮೇಸ್ತ್ರಿಯನ್ನು ನೋಡಿದರು. "ಪಾಸು," ಎಂದರು. ಬೇಲಿಯ ಬಾಗಿಲಿನವರೆಗೆ ಹೋಗಿ, ಚಪ್ಪಲಿ ಮೆಟ್ಟುತ್ತ, ಅವನಿಗೆ ಮಾತ್ರ ಕೇಳುವ ಹಾಗೆ, "ಅವರು ಪಾಸು," ಎಂದರು.

ಬಂಧುಗಳು ತಂದ ಹೂವನ್ನು ಏನು ಮಾಡುವುದೆಂದು ತಿಳಿಯದೆ ಅಲ್ಲೇ ಬಿಟ್ಟು ಹೋದರು. ಭಾವ ಹೊರಡುವಾಗ ಮೇಸ್ತ್ರಿಯ ಬೆನ್ನು ತಟ್ಟಿ, "ಬರ್ತೀನಿ ಅಪೂರ್ಣ," ಎಂದ. ಸಂಜೆಯೊಳಗೆ ಅದು ಊರಿಗೆಲ್ಲ ಹಬ್ಬಿ, ಹೆತ್ತವರು ಇಟ್ಟ ಹೆಸರನ್ನು ಮೂಲೆಗೆ ತಳ್ಳಿತು.

ಚಿಕ್ಕಮ್ಮ ಎಲ್ಲರಿಗಿಂತ ಕೊನೆಗೆ ಎದ್ದಳು.

"ನೋಡೇ ಅಕ್ಕ, ನಿನ್ನ ಪಾಲಿನ ಅಳು ನಾನು ಅತ್ತು ಮುಗಿಸಿದ್ದೀನಿ. ಅರೆಮನಸ್ಸಿನಿಂದ ಅತ್ತದ್ದಲ್ಲ, ಗಂಟಲು ಹೋಗೋ ಹಾಗೆ ಅತ್ತದ್ದು. ಇನ್ನು ನಿಜವಾಗಿ ಸತ್ತರೆ ನನ್ನ ಕರೀಬೇಡ."

"ಹಾಗಾದ್ರೆ ನಾನು ನಿನಗೆ ಒಂದು ಅಳು ಬಾಕಿ."

"ಬಾಕಿ. ತೀರಿಸೋ ತನಕ ಬದುಕಿರು."

"ಮುಂದಿನ ವಾರ ಬಾ. ಅಡುಗೆ ನಾನು ಮಾಡ್ತೀನಿ."

"ನೋಡ್ತೀನಿ," ಎಂದು ಚಿಕ್ಕಮ್ಮ ಹೋದಳು. ತಿರುವಿನಲ್ಲಿ ಒಮ್ಮೆ ತಿರುಗಿ ನೋಡಿದಳು, ಅಕ್ಕ ಇನ್ನೂ ಇದ್ದಾಳೆಯೇ ಎಂದು ಖಚಿತ ಮಾಡಿಕೊಳ್ಳುವವಳ ಹಾಗೆ.

ದೊಡ್ಡಮ್ಮ ಉಳಿದ ಕಡ್ಡಿಗಳನ್ನು ಕಟ್ಟತೊಡಗಿದಳು. ಮೇಸ್ತ್ರಿ ಹತ್ತಿರ ಬಂದು ನಿಂತ. ಹೆಂಡತಿಯನ್ನು ಮುಂದೆ ಕಳಿಸಿದ್ದ.

"ದೊಡ್ಡಮ್ಮ, ಮೇಡಂ ಮುಂದೆ ನಾನು..."

"ಕೇಳಿಸ್ತು."

"ಬಾಯಿ ತಪ್ಪಿ ಬಂತು."

"'ದೊಡ್ಡಮ್ಮ' ಅಂದದ್ದು ಬಾಯಿ ತಪ್ಪಿ. ಹೊಗೆಯಿಂದ ಅಂದೆಯಲ್ಲ, ಅದು ಯೋಚನೆ ಮಾಡಿ ಅಂದದ್ದು." ಅವಳು ಕಟ್ಟು ಬಿಗಿದಳು. "ಅವರೆಲ್ಲ ಗೊತ್ತಿಲ್ದೆ ನನ್ನ ಸಾಯಿಸಿದ್ರು. ನೀನು ಆಗಷ್ಟೇ ಕಣ್ಣಾರೆ ನೋಡಿ ಸಾಯಿಸಿದೆ."

ಮೇಸ್ತ್ರಿ ಕುಕ್ಕರಿಸಿದ. ಸಣ್ಣವನಿದ್ದಾಗ ಏಟಿಗೆ ಬಗ್ಗುತ್ತಿದ್ದ ಹಾಗೆ ಬೆನ್ನು ಬಗ್ಗಿಸಿದ.

"ಹೊಡೆದುಬಿಡು ದೊಡ್ಡಮ್ಮ. ಬೈದಾದ್ರೂ ಬಿಡು. ಇಲ್ಲಿಗೆ ತೀರಿಹೋಗ್ಲಿ."

ದೊಡ್ಡಮ್ಮ ಅವನ ಬೆನ್ನನ್ನು ನೋಡಿದಳು. ಕಡ್ಡಿಯ ಕಟ್ಟು ಎತ್ತಿ ಅವನ ಕೈಗೆ ಕೊಟ್ಟು, ಒಲೆಯ ಪಕ್ಕ ಇಡುವಂತೆ ಸನ್ನೆ ಮಾಡಿದಳು.

"ತೀರಿಸಿಕೊಂಡು ನಿನ್ನ ಪಾಡಿಗೆ ನೀನು ಹೋಗ್ತೀಯ. ಬಾಕಿ ಇರ್ಲಿ," ಎಂದಳು. "ನಾಳೆ ಬಾ."

ಮೇಸ್ತ್ರಿ ಮಾರನೆಯ ದಿನ ಗೂಡಿನ ಬಾಯಿಯಲ್ಲಿ ಗಾಳಿಗೆ ಇನ್ನೊಂದು ದಾರಿ ತೆಗೆದು, ಉರಿ ಹೊಂದಿಸಿ, ಸಂಜೆ ದೊಡ್ಡಮ್ಮನ ಮನೆಗೆ ಹೋದ. ಅದರ ಮಾರನೆಯ ದಿನವೂ ಹೋದ. ಅವಳು ನೀರು ಕೊಟ್ಟಳು, ಗೂಡಿನ ಸುದ್ದಿ ಕೇಳಿದಳು, ತಂಗಿ ಬರುವ ದಿನ ಹೇಳಿದಳು. ಬಾಕಿಯ ಮಾತು ಮಾತ್ರ ಎತ್ತಲಿಲ್ಲ.